ಐನೂರರ ಕೆಳಗಿನ ದಿನಗಳು

ಹಗೇವು ತೆಗೆಯುವುದನ್ನು ಕಣ್ಣಾರೆ ನೋಡಿದವರು ಈಗ ಬೈಲಹೊಂಗಲ ಸೀಮೆಯಲ್ಲೂ ಕಡಿಮೆ. ನೆಲದೊಳಗೆ ಆಳಕ್ಕೆ ಅಗೆದ ಕಣಜ ಅದು. ಒಳಗೋಡೆಗೆ ಹುಲ್ಲು ಹೊಂದಿಸಿ, ಜೋಳ ಸುರಿದು, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತಿಬಿಟ್ಟರೆ ಬರಗಾಲದವರೆಗೂ ಕಾಳು ಇರುತ್ತಿತ್ತು. ತೆಗೆಯುವ ದಿನ ಬಾಯಿ ಬಿಚ್ಚಿ ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಆಳು ಇಳಿಯುವಂತಿಲ್ಲ. ನಡುವಿನ ಕಾಳು ಮುತ್ತಿನಂತಿದ್ದರೂ ಗೋಡೆಗೆ ತಾಗಿದ್ದು ಹಸಿರುಗಪ್ಪಾಗಿ ಗಂಟುಗಟ್ಟಿರುತ್ತಿತ್ತು. "ಬೂಸರ ಹಿಡದೈತಿ" ಎಂದು ಬೇರೆ ಗುಂಪೆ ಹಾಕುತ್ತಿದ್ದರು. ಆ ಗಂಟನ್ನು ಕೈಯಲ್ಲಿ ಒಡೆದರೆ ಹೊಗೆಯಂಥ ಪುಡಿ ಏಳುತ್ತಿತ್ತು. ಒಳಗಿದ್ದವನು ನಾಲ್ಕು ಸಲ ಸೀನಿ, ಮೂಗಿಗೆ ಟವಲ್ ಸುತ್ತಿಕೊಂಡು, ಕೆಲಸ ಮುಂದುವರಿಸುತ್ತಿದ್ದ. ರಾತ್ರಿ ಉಂಡು ಮಲಗಿದರೆ ಅದರ ನೆನಪೂ ಇರುತ್ತಿರಲಿಲ್ಲ.

ಅವನಿಗೆ ಏನೂ ಆಗಲಿಲ್ಲವಲ್ಲ, ಯಾಕೆ? ಈ ಅಧ್ಯಾಯದಲ್ಲಿ ಹೇಳಬೇಕಾದ್ದು ಅದನ್ನೇ.

ಆ ಪುಡಿ ಬೂಸರಿನ ಬೀಜ. ಪುಸ್ತಕದ ಮಾತಿನಲ್ಲಿ ಶಿಲೀಂಧ್ರದ ಬೀಜಕಣ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಜಾತಿಯ ಬೀಜಕಣದ ಅಗಲ 2ರಿಂದ 3 ಮೈಕ್ರಾನ್. ಒಂದು ಮಿಲಿಮೀಟರ್ ಜಾಗದಲ್ಲಿ ಮುನ್ನೂರು ನಾನೂರು ಕಣ ಸಾಲಾಗಿ ಕೂರಬಹುದು. ಮೂಗಿನ ಕೂದಲನ್ನೂ ಗಂಟಲಿನ ಲೋಳೆಯನ್ನೂ ದಾಟಿ ಶ್ವಾಸಕೋಶದ ತುತ್ತತುದಿಯ ಗಾಳಿಚೀಲಕ್ಕೆ ಇಳಿಯಲು ಹೇಳಿ ಮಾಡಿಸಿದ ಅಳತೆ. ಹಗೇವು ಕಾಣದ, ರಾಶಿ ಮಾಡದ ಪಟ್ಟಣದ ಮನುಷ್ಯನೂ ದಿನಕ್ಕೆ ಇಂಥ ನೂರಾರು ಕಣಗಳನ್ನು ಉಸಿರಿನ ಜತೆ ಎಳೆದುಕೊಳ್ಳುತ್ತಾನೆ.

ಬಹುಪಾಲು ಬೂಸರುಗಳು ನಮ್ಮ ಮೈಯ 37 ಡಿಗ್ರಿ ಬಿಸಿಯಲ್ಲಿ ಬದುಕಲಾರವು. ಫ್ಯೂಮಿಗೇಟಸ್ ಹಾಗಲ್ಲ, ಅದರ ಗರಡಿಮನೆ ತಿಪ್ಪೆ. ಸೆಗಣಿ, ಕಣಿಕೆ, ಕಸ ಎಲ್ಲ ಸೇರಿ ಕೊಳೆಯುವಾಗ ತಿಪ್ಪೆಯ ಒಡಲು ಕಾಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಕೆದರಿದರೆ ಆವಿ ಏಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದಾರೆ. 50 ಡಿಗ್ರಿಯ ಆ ಕಾವಿನಲ್ಲೂ ಈ ಬೂಸರು ಬೆಳೆಯುತ್ತದೆ. ತಿಪ್ಪೆಯಲ್ಲಿ ಪಳಗಿ ಬಂದದ್ದಕ್ಕೆ ನಮ್ಮ ಮೈ ಗಿಡದ ನೆರಳಿದ್ದಂತೆ.

ಅದಕ್ಕೆ ಆ ನೆರಳು ಸಿಗದಂತೆ ನೋಡಿಕೊಳ್ಳುವವರು ನಮ್ಮ ಬಿಳಿ ರಕ್ತಕಣಗಳು. ಗಾಳಿಚೀಲಕ್ಕೆ ಇಳಿದ ಬೀಜಕಣವನ್ನು ಅಲ್ಲೇ ಕಾದಿರುವ ದೊಡ್ಡ ಭಕ್ಷಕ ಕೋಶಗಳು ನುಂಗುತ್ತವೆ. ನುಂಗಲು ತಪ್ಪಿದ್ದು ಮೊಳೆತು ದಾರದಂತೆ ಚಾಚಿಕೊಂಡರೆ ಆಗ ನ್ಯೂಟ್ರೋಫಿಲ್‌ಗಳ ಸರದಿ. ದಾರ ತಮಗಿಂತ ಉದ್ದ, ನುಂಗಲಾಗದು. ಹಾಗಾಗಿ ಸುತ್ತ ಮುತ್ತಿಕೊಂಡು ವಿಷ ಕಾರುತ್ತವೆ. ಅದೂ ಸಾಲದಿದ್ದರೆ ತಮ್ಮ ಹೊಟ್ಟೆಯೊಳಗಿನ ಡಿಎನ್‌ಎ ಎಳೆಗಳನ್ನೇ ಹೊರಚೆಲ್ಲಿ ಬಲೆ ಬೀಸಿ ಸಾಯುತ್ತವೆ. ಈ ಬಲೆ ಮೊದಲು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2004ರಲ್ಲಿ. ನ್ಯೂಟ್ರೋಫಿಲ್‌ನ ಆಯುಷ್ಯ ತೀರ ಕಡಿಮೆ, ರಕ್ತದಲ್ಲಿ ಕೆಲವು ತಾಸುಗಳಿಂದ ಒಂದೆರಡು ದಿನ. ಆದ್ದರಿಂದ ಬೆಳೆದ ಮನುಷ್ಯನ ಎಲುಬಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ಹೆರುತ್ತಲೇ ಇರಬೇಕು. ಹಗೇವಿನಲ್ಲಿ ಸೀನಿದವನನ್ನು ಕಾದದ್ದು ಟವಲ್ ಅಲ್ಲ, ಈ ಹೆರಿಗೆ.

ರಕ್ತದ ಕ್ಯಾನ್ಸರ್ ಕಾಲಿಡುವುದು ಸರಿಯಾಗಿ ಇದೇ ಮಜ್ಜೆಗೆ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅದರಲ್ಲೂ ಎರಡರಿಂದ ಐದು ವರ್ಷದ ಮಕ್ಕಳಲ್ಲಿ. ಬಲಿಯದ ಎಳೆ ಕೋಶಗಳು ಹೊಲದಲ್ಲಿ ಕಸ ಎದ್ದಂತೆ ಎದ್ದು ಮಜ್ಜೆಯನ್ನು ತುಂಬಿಬಿಡುತ್ತವೆ, ಬೆಳೆಗೆ ಜಾಗವೇ ಇರುವುದಿಲ್ಲ. ಆಮೇಲೆ ಕೊಡುವ ಕಿಮೊ ಎಂದರೆ ಕಸಕ್ಕೆ ಹೊಡೆಯುವ ಎಣ್ಣೆ. ಅದು ಬೆಳೆಯನ್ನೂ ಸುಡುತ್ತದೆ. ಮೊದಲ ನಾಲ್ಕೈದು ವಾರದ ಇಂಡಕ್ಷನ್ ಹಂತದಲ್ಲಿ ಸ್ಟೆರಾಯ್ಡ್, ವಿಂಕ್ರಿಸ್ಟಿನ್, ಆಸ್ಪರಾಜಿನೇಸ್ ಒಂದರ ಹಿಂದೆ ಒಂದು ಬರುತ್ತವೆ. ನ್ಯೂಟ್ರೋಫಿಲ್‌ಗಳ ಲೆಕ್ಕ, ವಾರ್ಡಿನ ಭಾಷೆಯಲ್ಲಿ ಬರೀ ಕೌಂಟ್, ಆರೋಗ್ಯವಂತ ಮಗುವಿನಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 1500ಕ್ಕೂ ಮೇಲಿರುತ್ತದೆ. ಇಲ್ಲಿ ಅದು 500ರ ಕೆಳಗೆ ಬೀಳುತ್ತದೆ, ಕೆಲವೊಮ್ಮೆ ನೂರರ ಕೆಳಗೂ ಹೋಗುತ್ತದೆ. ಐನೂರರ ಗೆರೆಯ ಕೆಳಗೆ ಎರಡು ದಿನ ಇದ್ದರೆ ಅಷ್ಟೇನೂ ಭಯವಿಲ್ಲ. ಹತ್ತು ದಿನ ದಾಟಿದರೆ ಬೂಸರಿಗೆ ಬಾಗಿಲು ತೆರೆದಿಟ್ಟಂತೆ. ಮೇಲೆ ಸ್ಟೆರಾಯ್ಡ್ ಬೇರೆ, ಅದು ಉಳಿದ ಭಕ್ಷಕ ಕೋಶಗಳನ್ನೂ ಮಂಕು ಮಾಡಿ ರಕ್ತದ ಸಕ್ಕರೆ ಏರಿಸುತ್ತದೆ.

ಇಲ್ಲೊಂದು ಕಥೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಈ ಕಾಯಿಲೆಯ ಮಕ್ಕಳಿಗೆ ಮೊತ್ತಮೊದಲು ನಾಲ್ಕು ದಿನದ ಉಸಿರು ಮರಳಿಸಿದ ಮದ್ದು ಅಮಿನಾಪ್ಟೆರಿನ್. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು 16 ಮಕ್ಕಳಿಗೆ ಕೊಟ್ಟು, 10 ಮಂದಿ ಚೇತರಿಸಿದ್ದನ್ನು 1948ರಲ್ಲಿ ಪ್ರಕಟಿಸಿದರು. ಚೇತರಿಕೆ ತಾತ್ಕಾಲಿಕ, ಆದರೂ ಅಲ್ಲಿಯವರೆಗೆ ಅಷ್ಟೂ ಇರಲಿಲ್ಲ. ಆ ಮದ್ದನ್ನು ತಯಾರಿಸಿ ಕೊಟ್ಟದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮವರಂ ಮೂಲದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ಇವತ್ತಿಗೂ ಮಕ್ಕಳು ವಾರಕ್ಕೊಮ್ಮೆ ನುಂಗುತ್ತಾರೆ. ಸುಬ್ಬರಾವ್ ಅದೇ 1948ರಲ್ಲಿ ತೀರಿಕೊಂಡರು. ಐದು ವರ್ಷಗಳ ಮೇಲೆ ಹೆಸೆಲ್ಟೈನ್ ಎಂಬ ಶಿಲೀಂಧ್ರ ವಿಜ್ಞಾನಿ ಅವರ ನೆನಪಿಗೆ ಒಂದು ಹೊಸ ಕುಲಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟ. ಲ್ಯುಕೇಮಿಯಾಗೆ ಮದ್ದು ಕೊಟ್ಟವರ ಹೆಸರು ಒಂದು ಬೂಸರಿಗೆ ಬಂತು. ಅದು ನಿರುಪದ್ರವಿ ಎಂಬುದಷ್ಟೇ ಸಮಾಧಾನ.

ಈಗ ಒಬ್ಬ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಂಥವನೇ ಎಂದು ಬೆರಳು ತೋರಿಸಲು ಯಾರೂ ಇಲ್ಲ, ವಿಷಯ ತಿಳಿಯಲೆಂದು ಕಟ್ಟಿಕೊಂಡವನು. ರಾಮದುರ್ಗದ ಹತ್ತಿರ ಮಲಪ್ರಭೆಯ ದಂಡೆಯ ಊರು, ಏಳು ವರ್ಷ, ಇಪ್ಪತ್ತು ಕಿಲೋ ತೂಕ. ತಂದೆಗೆ ಎರಡು ಎಕರೆ ಹೊಲ, ಕಡಲೆ, ಗೋವಿನಜೋಳ. ಮನೆ ಮಣ್ಣಿನ ಗೋಡೆಯದು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ದಂಡೆಯ ಊರುಗಳಿಗೆ ನುಗ್ಗಿದ ಮೇಲೆ ಇಂಥ ಎಷ್ಟೋ ಗೋಡೆಗಳು ಬಿದ್ದವು. ಬೀಳದೆ ನಿಂತವು ತಿಂಗಳುಗಟ್ಟಲೆ ಒದ್ದೆಯಾಗಿ ಬೂಸರು ಹೊದ್ದುಕೊಂಡವು. ಹುಡುಗನಿಗೆ ಬೆಳಗಾವಿಯಲ್ಲಿ ಮೂರು ವಾರ ಕಿಮೊ ಆಗಿದೆ, ನಾಲ್ಕು ದಿನ ಊರಿಗೆ ಹೋಗಿಬನ್ನಿ ಎಂದು ಕಳಿಸಿದ್ದಾರೆ. ರಾತ್ರಿ ಹತ್ತು ಗಂಟೆಗೆ ಮೈ ಬಿಸಿಯಾಗುತ್ತದೆ.

ಬೇರೆ ಮಗುವಾದರೆ ಹಣೆಗೆ ಒದ್ದೆ ಬಟ್ಟೆ ಹಾಕಿ, ಅರ್ಧ ಗುಳಿಗೆ ಕೊಟ್ಟು, "ಮುಂಜಾನಿ ನೋಡೂಣು" ಎನ್ನಬಹುದು. ಇವನಿಗೆ ಮುಂಜಾನೆಯವರೆಗೆ ಬಿಡುವಂತಿಲ್ಲ. ಕೌಂಟ್ ಇಲ್ಲದ ಮಗುವಿನ ಜ್ವರಕ್ಕೆ ಜಗತ್ತಿನಾದ್ಯಂತ ಒಂದೇ ನಿಯಮ: ಆಸ್ಪತ್ರೆ ಮುಟ್ಟಿದ ಒಂದು ತಾಸಿನೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಆ ತಾಸು ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ಬಾಗಿಲವರೆಗಿನ ದಾರಿಯನ್ನು ಯಾರೂ ಎಣಿಸುವುದಿಲ್ಲ. ಕಿತ್ತೂರಿನವರು ಹೆದ್ದಾರಿಯ ಮೇಲೇ ಇದ್ದಾರೆ, ಬೆಳಗಾವಿಯಾಗಲಿ ಧಾರವಾಡವಾಗಲಿ ಒಂದು ತಾಸಿನೊಳಗಿನ ಮಾತು. ಬೈಲಹೊಂಗಲದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಸವದತ್ತಿಯವರು ಧಾರವಾಡದ ಕಡೆ ಹೊರಳುತ್ತಾರೆ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಮೇಲೆ, ರಾತ್ರಿ ಹತ್ತರ ಮೇಲೆ ಬಸ್ಸಿನ ಭರವಸೆ ಇಲ್ಲ, ಬಾಡಿಗೆ ಗಾಡಿ ಹುಡುಕಬೇಕು. ಕ್ಯಾನ್ಸರ್ ಚಿಕಿತ್ಸೆ ಎಂದರೆ ಬೆಂಗಳೂರಿನ ಕಿದ್ವಾಯಿ, ಅದು ಬಿಟ್ಟರೆ ಹುಬ್ಬಳ್ಳಿಯ ನವನಗರ ಎಂದಿದ್ದ ಕಾಲ ಇತ್ತು. ಈಗ ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯಿದೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು. ಐದು ನೂರು ಕಿಲೋಮೀಟರಿನ ದಾರಿ ನೂರಕ್ಕೆ ಇಳಿದದ್ದು ಸಣ್ಣ ಸಂಗತಿಯಲ್ಲ. ಆ ನೂರೂ ರಾತ್ರಿಯ ಹೊತ್ತಿಗೆ ಉದ್ದವೇ.

ಮೊದಲ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ. ಗಂಟೆಗಳಲ್ಲಿ ಕೊಲ್ಲುವುದು ಅದೇ ಆದ್ದರಿಂದ ಅದಕ್ಕೇ ಮೊದಲ ಮಣೆ. ಎರಡು ದಿನಕ್ಕೆ ಜ್ವರ ಇಳಿದರೆ ಸರಿ. ನಾಲ್ಕನೇ ದಿನವೂ ತಾಯಿ "ಜ್ವರಾ ಬಿಡವಲ್ದ್ರೀ" ಎನ್ನುತ್ತಿದ್ದರೆ, ಕೌಂಟೂ ಏಳದಿದ್ದರೆ, ವೈದ್ಯರ ತಲೆಯಲ್ಲಿ ಬೂಸರು ಕೂರುತ್ತದೆ. ಇಂಥ ಹೆಚ್ಚಿನ ಅಪಾಯದ ಮಕ್ಕಳಿಗೆ 96 ತಾಸು ಎಂಬುದು ಒಪ್ಪಿತವಾದ ಗಡಿ. ಕಾಯಿಲೆ ಯಾವುದೆಂದು ಇನ್ನೂ ಕೈಗೆ ಸಿಕ್ಕಿಲ್ಲ. ಆದರೂ ಶಿಲೀಂಧ್ರದ ಮದ್ದು ಶುರುಮಾಡಿ, ಹುಡುಕಾಟವನ್ನು ಜತೆಯಲ್ಲೇ ನಡೆಸುತ್ತಾರೆ. ಕಳ್ಳ ಸಿಗುವ ಮುಂಚೆ ಕಾವಲು ಹಾಕಿದಂತೆ.

ಹುಡುಕಾಟ ಸುಲಭವಲ್ಲ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಸಿಟಿ ಸ್ಕ್ಯಾನ್‌ನಲ್ಲಿ ದೊಡ್ಡವರಿಗಾದರೆ ಗಂಟಿನ ಸುತ್ತ ಮಬ್ಬು ಪ್ರಭಾವಳಿ ಕಾಣುತ್ತದೆ. ಬೂಸರಿನ ದಾರ ರಕ್ತನಾಳ ಕೊರೆದು ಸುತ್ತಲೂ ರಕ್ತ ಜಿನುಗಿದ ಗುರುತು ಅದು. ಸಣ್ಣ ಮಕ್ಕಳಲ್ಲಿ ಆ ಪ್ರಭಾವಳಿಯೂ ಎಷ್ಟೋ ಸಲ ಇರುವುದಿಲ್ಲ, ಯಾವ ಕಾಯಿಲೆಗೂ ಹೊಂದಬಹುದಾದ ಮಚ್ಚೆಗಳಷ್ಟೇ ಇರುತ್ತವೆ. ಆಸ್ಪರ್ಜಿಲಸ್ ತನ್ನ ಗೋಡೆಯಿಂದ ಗ್ಯಾಲಕ್ಟೋಮ್ಯಾನನ್ ಎಂಬ ಸಕ್ಕರೆಯನ್ನು ರಕ್ತಕ್ಕೆ ಉದುರಿಸುತ್ತದೆ, ಅದನ್ನು ಅಳೆಯಬಹುದು. ಇನ್ನೊಂದು ಗುಂಪಿನ ಶಿಲೀಂಧ್ರ ಮ್ಯೂಕರ್ ಇದನ್ನು ಉದುರಿಸುವುದೇ ಇಲ್ಲ. ಆದ್ದರಿಂದ ಪರೀಕ್ಷೆ ಸೊನ್ನೆ ಬಂದರೆ ನಿರಾಳವಾಗಬೇಕೋ ಗಾಬರಿಯಾಗಬೇಕೋ ತಿಳಿಯದು.

ನನಗೆ ಎಲ್ಲಕ್ಕಿಂತ ಮೆಚ್ಚಾದದ್ದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಮೂಗಿನಿಂದ ಕೆರೆದು ತೆಗೆದ ಚೂರನ್ನೋ ಶ್ವಾಸನಾಳ ತೊಳೆದು ತಂದ ನೀರಿನ ಗಷ್ಟನ್ನೋ ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಡುತ್ತಾರೆ. ಮೇಲೆ ತೆಳ್ಳನೆಯ ಗಾಜು ಮುಚ್ಚಿ ಕಾಯುತ್ತಾರೆ. ಕ್ಷಾರಕ್ಕೆ ಮನುಷ್ಯನ ಕೋಶಗಳು ಕರಗಿ ತಿಳಿಯಾಗುತ್ತವೆ. ಬೂಸರಿನ ಗೋಡೆಯಲ್ಲಿರುವುದು ಕೈಟಿನ್, ಜೀರುಂಡೆಯ ಚಿಪ್ಪಿನ ವಸ್ತು. ಅದು ಕರಗದೆ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ಸಣ್ಣ ಸಮ ಅಗಲದ ದಾರ, ನಡುನಡುವೆ ಅಡ್ಡಗೋಡೆ, ಜಾಲಿ ಕೊಂಬೆಯಂತೆ ಕಿರಿದಾಗಿ ಒಡೆದ ಕವಲು ಕಂಡರೆ ಅದು ಆಸ್ಪರ್ಜಿಲಸ್ ತರಹದ್ದು. ಅಗಲ ಹೆಚ್ಚುಕಮ್ಮಿಯಾಗುತ್ತ ತಿರುಚಿಕೊಂಡ ರಿಬ್ಬನ್ನು, ಅಡ್ಡಗೋಡೆ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ, ಕವಲು ನೇರ ಅಡ್ಡಕ್ಕೆ ಒಡೆದಿದ್ದರೆ ಮ್ಯೂಕರ್. ಒಂದು ಹನಿ, ಕೆಲವು ನಿಮಿಷ, ಪಳಗಿದ ಒಂದು ಜೊತೆ ಕಣ್ಣು. ಯಾವ ಮದ್ದು ಎಂಬುದು ಅಲ್ಲಿಯೇ ಅರ್ಧ ತೀರ್ಮಾನವಾಗಿಬಿಡುತ್ತದೆ. ತೊಡಕಿರುವುದು ಚೂರು ತೆಗೆಯುವುದರಲ್ಲಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಇಲ್ಲದ ಮಗುವಿನ ಎದೆಗೆ ಸೂಜಿ ಹಾಕಲು ಯಾರ ಕೈಯೂ ಸುಲಭಕ್ಕೆ ಏಳುವುದಿಲ್ಲ.

ಗಾಳಿಯಲ್ಲಿ ಬರದೆ ಒಳಗೇ ಇರುವ ವೈರಿಯೂ ಉಂಟು, ಕ್ಯಾಂಡಿಡಾ. ಅದು ನಮ್ಮ ಕರುಳಿನ ಕಾಯಂ ಬಾಡಿಗೆದಾರ. ಕಿಮೊದಿಂದ ಕರುಳಿನ ಒಳಪದರ ಸುಲಿದಾಗ, ಇಲ್ಲವೇ ಮದ್ದು ಕೊಡಲೆಂದು ನರಕ್ಕೆ ಹಾಕಿದ ನಳಿಗೆಗೆ ಅಂಟಿಕೊಂಡು, ರಕ್ತಕ್ಕೆ ಇಳಿಯುತ್ತದೆ. ಅದಕ್ಕೆ ಕ್ಯಾಸ್ಪೋಫಂಜಿನ್, ಮೈಕಾಫಂಜಿನ್ ಎಂಬ ಮದ್ದುಗಳಿವೆ, ನಳಿಗೆ ಕಿತ್ತು ಹಾಕುವುದೂ ಚಿಕಿತ್ಸೆಯ ಭಾಗವೇ.

ಬೂಸರಿಗೆ ಮದ್ದು ಕಂಡುಹಿಡಿಯುವುದು ಯಾಕೆ ಕಷ್ಟ? ಬ್ಯಾಕ್ಟೀರಿಯಾ ನಮಗೆ ತೀರ ದೂರದ್ದು, ಅದರ ಯಂತ್ರಗಳೇ ಬೇರೆ. ಶಿಲೀಂಧ್ರ ಹಾಗಲ್ಲ, ಜೀವಿಗಳ ವಂಶಾವಳಿಯಲ್ಲಿ ಗಿಡಮರಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ದಾಯಾದಿ. ಅದಕ್ಕೆ ವಿಷವಾದದ್ದು ನಮಗೂ ವಿಷವೇ. ಕೈಗೆ ಸಿಕ್ಕಿರುವ ವ್ಯತ್ಯಾಸ ಎರಡೋ ಮೂರೋ. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್. ಅದಕ್ಕೆ ಗೋಡೆಯಿದೆ, ನಮಗಿಲ್ಲ. ಇಷ್ಟೇ ಸಂದು, ಈ ಸಂದಿನಲ್ಲೇ ಬಾಣ ತೂರಬೇಕು.

ಮೊದಲ ದೊಡ್ಡ ಬಾಣ ಸಿಕ್ಕಿದ್ದು ಮಣ್ಣಿನಲ್ಲಿ. 1950ರ ದಶಕದ ನಡುವಿನಲ್ಲಿ ಸ್ಕ್ವಿಬ್ ಕಂಪನಿಯವರು ವೆನೆಜುವೆಲಾದ ಒರಿನೊಕೊ ನದಿಯ ಕಡೆಯಿಂದ ತಂದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಆಂಫೋಟೆರಿಸಿನ್ ಬಿ ತೆಗೆದರು. ಎರ್ಗೊಸ್ಟೆರಾಲನ್ನು ಅಂಟಿಕೊಂಡು ಬೂಸರಿನ ಪೊರೆಯನ್ನು ಹಾಳುಗೆಡವುವ ಮದ್ದು. ಇದೇ ಹುಡುಕಾಟದಲ್ಲಿ ನಮ್ಮವರೊಬ್ಬರೂ ಇದ್ದರು. ಮೈಸೂರು ಸೀಮೆಯ ಬೆಳೆಗಳಿಗೆ ಬರುವ ತುಕ್ಕು, ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಹುಡುಕಿ ಹೆಸರಿಟ್ಟ ಎಂ. ಜೆ. ತಿರುಮಲಾಚಾರ್ ಮುಂದೆ ಪುಣೆ ಬಳಿಯ ಪಿಂಪ್ರಿಯ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಸೇರಿದರು. ಅಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಬಂತು, ಆಂಫೋಟೆರಿಸಿನ್ ಮನೆತನದ್ದೇ ಕೂಸು. ಕಂಪನಿಯ ಹೆಸರಿನ ಮೊದಲಕ್ಷರಗಳೇ ಮದ್ದಿನ ತಲೆಯ ಮೇಲಿವೆ, ಪಿಂಪ್ರಿಯ ಹೆಸರು ಆ ಬ್ಯಾಕ್ಟೀರಿಯಾದ ಬಾಲಕ್ಕೆ ಅಂಟಿತು. ಹ್ಯಾಮೈಸಿನ್ ಬಾಯಿಹುಣ್ಣು, ಚರ್ಮದ ಮೇಲಿನ ಸೋಂಕುಗಳಿಗೆ ನಿಂತಿತೇ ಹೊರತು ರಕ್ತಕ್ಕೆ ಇಳಿಯುವ ಮದ್ದಾಗಲಿಲ್ಲ. ಆದರೂ ಜೋಳದ ತೆನೆಯ ಕಾಡಿಗೆ ನೋಡಿ ಬೆಳೆದ ಕಣ್ಣು, ಕಿತ್ತೂರಿನ ಮುಂದೆ ಹಾಯ್ದು ಹೋಗುವ ಇದೇ ಪುಣೆ ಹೆದ್ದಾರಿಯ ಆ ತುದಿಯಲ್ಲಿ ಕೂತು ಮನುಷ್ಯನ ಬೂಸರಿಗೆ ಮದ್ದು ಹುಡುಕುತ್ತಿತ್ತು ಎಂಬುದು ನಮ್ಮ ಶಾಲೆಯ ಪಾಠಗಳಲ್ಲಿ ಎಲ್ಲೂ ಬರುವುದಿಲ್ಲ.

ಆಂಫೋಟೆರಿಸಿನ್ ಹಳದಿ ಪುಡಿ. ವಾರ್ಡಿನಲ್ಲಿ ಅದರ ಹೆಸರು ಆಂಫೋ. ನಮ್ಮ ಕಡೆ ನರಕ್ಕೆ ಹಚ್ಚುವ ಬಾಟಲಿ ಯಾವುದಿದ್ದರೂ ಅದು ಸಲಾಯಿನ್ನೇ, "ಎರಡು ಸಲಾಯಿನ್ ಹಚ್ಯಾರ" ಎನ್ನುತ್ತೇವೆ. ಆದರೆ ನಿಜವಾದ ಸಲಾಯಿನ್, ಅಂದರೆ ಉಪ್ಪು ನೀರು, ಈ ಮದ್ದಿಗೆ ಆಗಿಬರುವುದಿಲ್ಲ. ಬೆರೆಸಿದರೆ ಮೊಸರು ಒಡೆದಂತೆ ಒಡೆಯುತ್ತದೆ. ಗ್ಲೂಕೋಸ್ ನೀರಿನಲ್ಲಿಯೇ ಕಲಸಬೇಕು. ಒಂದೇ ನಳಿಗೆಯಾದರೆ ಮೊದಲೂ ಆಮೇಲೂ ಗ್ಲೂಕೋಸಿನಿಂದಲೇ ತೊಳೆಯಬೇಕು. ಇದನ್ನು ಮರೆಯದ ನರ್ಸು ಆ ವಾರ್ಡಿನ ಅರ್ಧ ವೈದ್ಯೆ.

ಹಳೆಯ ಆಂಫೋ ಏರಿದ ಒಂದು ತಾಸಿಗೆ ಚಳಿ ಹಿಡಿಯುತ್ತದೆ. ಹಲ್ಲು ಕಟಕಟ, ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗಾಡುತ್ತದೆ, ಬೆನ್ನಿಗೇ ಜ್ವರ. ದಿನ ಕಳೆದಂತೆ ಕಿಡ್ನಿಗೆ ಪೆಟ್ಟು. ಮೂತ್ರದಲ್ಲಿ ಪೊಟ್ಯಾಸಿಯಂ ಸೋರಿಹೋಗಿ ಕಾಲಲ್ಲಿ ಬಲ ಇರುವುದಿಲ್ಲ, ಎದೆಬಡಿತ ತಪ್ಪಬಹುದು. ಎಳನೀರು ಕುಡಿಸಿ ಸರಿಮಾಡುವಷ್ಟು ಸಣ್ಣ ಸೋರಿಕೆಯಲ್ಲ ಅದು. ಇದಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಬಂದದ್ದು ಲೈಪೊಸೋಮಲ್ ಆಂಫೋ. ಅದೇ ಮದ್ದು, ಆದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಸಣ್ಣದಾದ ಕೊಬ್ಬಿನ ಗುಳ್ಳೆಗಳ ಪೊರೆಯಲ್ಲಿ ಹುದುಗಿಸಿದ್ದು. ಗುಳ್ಳೆ ಕಿಡ್ನಿಯ ಹತ್ತಿರ ಹೆಚ್ಚು ಸುಳಿಯದೆ ಬೂಸರಿನ ಬಳಿ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಸುರಿದರೆ ಹೆಚ್ಚು ಗುಣ ಎಂದುಕೊಂಡವರೂ ಇದ್ದರು. ಆಸ್ಪರ್ಜಿಲಸ್ ಮುಂತಾದ ಬೂಸರುಗಳ ಮೇಲೆ ಕಿಲೋಗೆ 3 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಪ್ರಯೋಗ 2007ರಲ್ಲಿ ಹೊರಬಂತು. ಗುಣ ಹೆಚ್ಚಲಿಲ್ಲ, ಕಿಡ್ನಿಯ ತೊಂದರೆ ಹೆಚ್ಚಿತು.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕಿಲೋ ಹುಡುಗನಿಗೆ ಕಿಲೋಗೆ 5 ಮಿಲಿಗ್ರಾಂ ಎಂದರೆ ದಿನಕ್ಕೆ 100 ಮಿಲಿಗ್ರಾಂ, 50 ಮಿಲಿಗ್ರಾಮಿನ ಎರಡು ಶೀಷೆ. ಆರು ವಾರಕ್ಕೆ 84 ಶೀಷೆ. ಒಂದೊಂದಕ್ಕೂ ಸಾವಿರಗಳಲ್ಲಿ ಬೆಲೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ಆದರೆ ಅದೇ ಐದು ಲಕ್ಷದ ಚೀಲದಿಂದ ಕಿಮೊವೂ ಹೋಗಬೇಕು, ಬೂಸರೂ ಹೋಗಬೇಕು.

2002ರಲ್ಲಿ ಬಂದ ವೊರಿಕೊನಜೋಲ್ ಆಸ್ಪರ್ಜಿಲಸ್ ವಿಷಯದಲ್ಲಿ ಆಟವನ್ನೇ ಬದಲಿಸಿತು. ಹಳೆಯ ಆಂಫೋ ಜತೆ ಹೋಲಿಸಿದ ಪ್ರಯೋಗದಲ್ಲಿ ಹನ್ನೆರಡು ವಾರದ ಹೊತ್ತಿಗೆ ಆಂಫೋ ಪಡೆದವರಲ್ಲಿ ನೂರಕ್ಕೆ 58 ಮಂದಿ ಬದುಕಿದ್ದರೆ, ಇದನ್ನು ಪಡೆದವರಲ್ಲಿ 71. ಗುಳಿಗೆಯಾಗಿಯೂ ಸಿಗುತ್ತದೆ, ಮನೆಗೆ ಒಯ್ಯಬಹುದು. ಎರ್ಗೊಸ್ಟೆರಾಲ್ ತಯಾರಾಗುವ ಕಾರ್ಖಾನೆಯನ್ನೇ ನಿಲ್ಲಿಸುವುದು ಇದರ ಉಪಾಯ. ಮಕ್ಕಳ ಯಕೃತ್ತು ಇದನ್ನು ದೊಡ್ಡವರಿಗಿಂತ ಬೇಗ ಅರಗಿಸಿ ಹಾಕುತ್ತದೆ. ದೊಡ್ಡವರಿಗೆ ಕಿಲೋಗೆ 4 ಮಿಲಿಗ್ರಾಂ ಸಾಕಾದಲ್ಲಿ ಮಗುವಿಗೆ 8 ಬೇಕು. ಮಗು ಎಂದರೆ ಸಣ್ಣ ಅಳತೆಯ ದೊಡ್ಡವರಲ್ಲ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಎಷ್ಟೆಂದರೆ ರಕ್ತದಲ್ಲಿ ಮದ್ದು ಎಷ್ಟಿದೆ ಎಂದು ಅಳೆದೇ ತೀರಬೇಕು. ಗುಳಿಗೆ ನುಂಗಿದ ಅರ್ಧ ತಾಸಿಗೆ ಕೆಲವು ಮಕ್ಕಳಿಗೆ ಬಣ್ಣಗಳು ಬೇರೆಯಾಗಿ ಕಾಣುತ್ತವೆ, ಬಿಸಿಲಿಗೆ ಚರ್ಮ ಸುಡುತ್ತದೆ. ರಾಮದುರ್ಗದ ಏಪ್ರಿಲ್ ಬಿಸಿಲಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಆದರೆ ನಮ್ಮ ಹುಡುಗನಿಗೆ ಇಂಡಕ್ಷನ್ ನಡುವೆ ಇದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಕಾರಣ ಅಂಗಳದ ಗಿಡ. ನಿತ್ಯಪುಷ್ಪ, ಗಡಿಯ ಮರಾಠಿ ಮಾತಿನವರ ಸದಾಫುಲಿ, ವರ್ಷವಿಡೀ ನಸುಗೆಂಪು ಹೂ ಬಿಡುವ ಆ ಗಿಡದಿಂದಲೇ ವಿಂಕ್ರಿಸ್ಟಿನ್ ಬಂದದ್ದು. ಲ್ಯುಕೇಮಿಯಾ ಚಿಕಿತ್ಸೆಯ ಬೆನ್ನೆಲುಬು ಅದು. ವಿಂಕ್ರಿಸ್ಟಿನ್ ಕೆಲಸ ಮುಗಿಸಿದ ಮೇಲೆ ಅದನ್ನು ಒಡೆದು ಹೊರಹಾಕುವುದು ಯಕೃತ್ತಿನ ಒಂದು ಕಿಣ್ವ. ವೊರಿಕೊನಜೋಲ್ ಮತ್ತು ಅದರ ಅಣ್ಣತಮ್ಮಂದಿರು ಸರಿಯಾಗಿ ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ವಿಂಕ್ರಿಸ್ಟಿನ್ ಒಳಗೇ ಉಳಿದು ನರಗಳನ್ನು ತಿನ್ನುತ್ತದೆ. ಮೊದಲು ಮಲಬದ್ಧತೆ, ದವಡೆ ನೋವು. ಆಮೇಲೆ ಪಾದ ಜೋತುಬಿದ್ದು ನಡೆಯುವಾಗ ಎಡವುವುದು, ಕೆಲವೊಮ್ಮೆ ಫಿಟ್ಸ್. ಹಾಗಾಗಿ ವಿಂಕ್ರಿಸ್ಟಿನ್ ನಡೆಯುವ ವಾರಗಳಲ್ಲಿ ಲೈಪೊಸೋಮಲ್ ಆಂಫೋ ಇಲ್ಲವೇ ಫಂಜಿನ್ ಬಳಗದ ಮದ್ದುಗಳು. ವೊರಿಕೊನಜೋಲೇ ಬೇಕಾದರೆ ವಿಂಕ್ರಿಸ್ಟಿನ್ ಮುಂದೂಡಬೇಕು. ಅತ್ತ ದರಿ, ಇತ್ತ ಪುಲಿ.

ಈ ಮದ್ದಿಗೆ ಹೊಲದ ಕಡೆಯಿಂದಲೂ ಒಂದು ಅಪಾಯ ಬರುತ್ತಿದೆ. ಕೃಷಿ ಕೇಂದ್ರದ ಕಪಾಟಿನಲ್ಲಿರುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಬಾಟಲಿಗಳ ಹೆಸರಿನ ಬಾಲ ನೋಡಿ. ವೊರಿಕೊನಜೋಲಿನ ಬಾಲವೇ. ಒಂದೇ ಮನೆತನ, ಒಂದೇ ಉಪಾಯ. ಸೋಯಾ, ಮೆಣಸಿನ ಗಿಡಕ್ಕೆ ಹೊಡೆದದ್ದು ಮಣ್ಣಿಗಿಳಿದಾಗ ಅಲ್ಲಿಯ ಆಸ್ಪರ್ಜಿಲಸ್ ಅದಕ್ಕೆ ಒಗ್ಗಿಕೊಳ್ಳುತ್ತದೆ. ದಿಲ್ಲಿಯ ಅನುರಾಧಾ ಚೌಧರಿ ಮತ್ತು ಸಂಗಡಿಗರು 2012ರಲ್ಲಿ ನಮ್ಮ ದೇಶದ ಗದ್ದೆ, ಚಹಾ ತೋಟ, ಹೂಕುಂಡದ ಮಣ್ಣಿನಲ್ಲೇ ಇಂಥ ಮದ್ದು ಮೀರಿದ ತಳಿಗಳನ್ನು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೇಲಿನ ಸಾಲಿನಲ್ಲೇ ಇತ್ತು. ಇದರಲ್ಲಿ ರೈತನನ್ನು ದೂರುವುದು ಸುಲಭ. ಬೆಳೆಗೆ ರೋಗ ಬಿದ್ದವನ ಕೈಯಲ್ಲಿ ಬೇರೆ ಬಾಟಲಿ ಯಾವುದಿದೆ ಎಂದು ಕೇಳಿದರೆ ದೂರುವವರು ಸುಮ್ಮನಾಗುತ್ತಾರೆ.

ಮ್ಯೂಕರ್ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. 2021ರ ಬೇಸಿಗೆಯಲ್ಲಿ ಬ್ಲ್ಯಾಕ್ ಫಂಗಸ್ ಎಂಬ ಹೆಸರಲ್ಲಿ ಅದು ಮನೆಮಾತಾಯಿತು. ಕೋವಿಡ್, ಸ್ಟೆರಾಯ್ಡ್, ಸಕ್ಕರೆ ಕಾಯಿಲೆ ಮೂರೂ ಸೇರಿ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣ. ಬೂಸರು ಕಪ್ಪಲ್ಲ. ಅದು ರಕ್ತನಾಳ ಮುಚ್ಚಿದಾಗ ಸತ್ತ ಮಾಂಸ ಕಪ್ಪು. ರಕ್ತ ಹೋಗದ ಕಡೆ ಮದ್ದೂ ಹೋಗದು, ಅದಕ್ಕೇ ಕತ್ತಿ ಬೇಕು. ವೊರಿಕೊನಜೋಲ್ ಇದಕ್ಕೆ ನಾಟುವುದೂ ಇಲ್ಲ. ಆ ಬೇಸಿಗೆಯಲ್ಲಿ ಆಂಫೋ ಶೀಷೆಗೆ ಹಾಹಾಕಾರ ಎದ್ದಿತು, ಜೂನ್ 12ರಂದು ಜಿಎಸ್‌ಟಿ ಮಂಡಳಿ ಅದರ ಮೇಲಿನ ತೆರಿಗೆಯನ್ನು ಸೊನ್ನೆಗಿಳಿಸಿತು. ಕೋವಿಡ್ ಇಲ್ಲದಿದ್ದರೂ ಅದೇ ಶೀಷೆ ಬೇಕಾಗಿದ್ದ ಮಕ್ಕಳು ಆಗಲೂ ಕ್ಯಾನ್ಸರ್ ವಾರ್ಡುಗಳಲ್ಲಿ ಇದ್ದರು, ಸುದ್ದಿಯಲ್ಲಿ ಇರಲಿಲ್ಲ.

ಇಷ್ಟೆಲ್ಲ ಮದ್ದುಗಳ ಹೆಸರು ಹೇಳಿಯಾದ ಮೇಲೆ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಇವು ಯಾವುವೂ ಒಂಟಿಯಾಗಿ ಬೂಸರನ್ನು ಗೆಲ್ಲುವುದು ಕಡಿಮೆ. ಹುಡುಗನ ಸ್ವಂತ ನ್ಯೂಟ್ರೋಫಿಲ್‌ಗಳು ಮರಳುವವರೆಗೆ ಗದ್ದುಗೆ ಕಾಯುವ ಕೆಲಸ ಅವುಗಳದ್ದು. ಆದ್ದರಿಂದಲೇ ವಾರ್ಡಿನಲ್ಲಿ ಬೆಳಿಗ್ಗೆ ರೌಂಡ್ಸ್ ಬರುವ ಹೊತ್ತಿಗೆ ತಾಯಂದಿರ ಮೊದಲ ಪ್ರಶ್ನೆ ಜ್ವರದ್ದಲ್ಲ. "ಡಾಕ್ಟ್ರ, ಇವತ್ತ ಕೌಂಟ್ ಎಷ್ಟ ಬಂತ್ರೀ?" ಅಕ್ಷರ ಬಾರದ ತಾಯಿಗೂ ಐನೂರು ಗೊತ್ತು. 80. ಮರುದಿನ 60. ಮತ್ತೆ 110. ಕಿಮೊ ನಿಲ್ಲಿಸಿದರೆ ಕೌಂಟ್ ಏಳುತ್ತದೆ, ಜತೆಗೆ ಲ್ಯುಕೇಮಿಯಾವೂ ಎದ್ದರೆ? ಮುಂದುವರಿಸಿದರೆ ಬೂಸರು ನುಂಗಿದರೆ? ಎರಡು ವಾರ ತಡೆಯುವುದೋ ಮೂರು ವಾರವೋ ಎಂಬುದಕ್ಕೆ ಪುಸ್ತಕದಲ್ಲಿ ಒಂದು ಸಾಲಿನ ಉತ್ತರವಿಲ್ಲ. ಈ ಚೌಕಾಸಿಯೇ ನಿಜವಾದ ಚಿಕಿತ್ಸೆ ಎಂದು ನನಗೆ ಅನ್ನಿಸುತ್ತದೆ, ಮದ್ದಿನ ಆಯ್ಕೆ ಅದರ ಒಂದು ತುಂಡು.

ಒಂದು ದಿನ ಕೌಂಟ್ 340, ಮರುದಿನ 720. ಜ್ವರ ಇಳಿಯುತ್ತದೆ. ಅದೇ ವಾರ ಮತ್ತೊಂದು ಸಿಟಿ ಸ್ಕ್ಯಾನ್ ಮಾಡಿದರೆ ಎದೆಯ ಮಚ್ಚೆಗಳು ಮೊದಲಿಗಿಂತ ದೊಡ್ಡದಾಗಿರುತ್ತವೆ. ನೋಡಿದವರ ಎದೆ ಧಸಕ್ ಎನ್ನಬೇಕು. ಆದರೆ ಇದು ಮರಳಿ ಬಂದ ಕಣಗಳು ಮುತ್ತಿಗೆ ಹಾಕಿದ ಊತ. ಕೆಲವು ದಿನಕ್ಕೆ ಗಂಟಿನ ನಡುವಿನ ಸತ್ತ ಭಾಗ ಕಳಚಿ, ಅಂಚಿನಲ್ಲಿ ಬಿದಿಗೆ ಚಂದ್ರನಂತೆ ಗಾಳಿಯ ಒಂದು ಕಪ್ಪು ಗೆರೆ ಮೂಡುತ್ತದೆ. ಅದನ್ನು ನೋಡಿ ನಗುವುದು ಆ ವಿಭಾಗದ ವೈದ್ಯರಿಗೆ ಮಾತ್ರ ಗೊತ್ತು.

ಹುಡುಗ ಹಸಿವು ಎನ್ನುತ್ತಾನೆ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಕೊಡಬಹುದು, ನಿನ್ನೆಯದು ಬೇಡ. ಕಟಕ ರೊಟ್ಟಿ ಒಣಗಿದ್ದಾದ್ದರಿಂದ ಬೂಸರು ಹಿಡಿಯದು, ಆದರೆ ಬಾಯಿಹುಣ್ಣಿಗೆ ಚುಚ್ಚುತ್ತದೆ. ಮನೆಗೆ ಕಳಿಸುವ ದಿನ ಚೀಟಿ ಓದಿ ಹೇಳುತ್ತಾರೆ. ಕಿಮೊ ಇನ್ನೂ ಎರಡು ವರ್ಷ. ಬೂಸರಿನ ಗುಳಿಗೆ ಸದ್ಯ ಮುಂದುವರಿಯಲಿ, ವಿಂಕ್ರಿಸ್ಟಿನ್ ದಿನಗಳಲ್ಲಿ ಕೇಳದೆ ಕೊಡಬೇಡಿ. ಗೋಡೆಗೆ ಸುಣ್ಣ ಹಚ್ಚುವಾಗ, ರಾಶಿ ಮಾಡುವಾಗ ಹುಡುಗ ಅಲ್ಲಿರಬಾರದು. ಎಲ್ಲಮ್ಮನ ಗುಡ್ಡದ ಹರಕೆ ಮುಂದಿನ ವರ್ಷಕ್ಕಿರಲಿ, ಜಾತ್ರೆಯ ಜನ, ಧೂಳು ಈಗ ಬೇಡ. ತಿಪ್ಪೆಯ ಹತ್ತಿರ ಬಿಡಬೇಡಿ, ಮನೆಯ ಮುಂದಿದ್ದರೆ ದೂರಕ್ಕೆ ಹಾಕಿ.

ತಂದೆ ಎಲ್ಲಕ್ಕೂ ಹೂಂ ಹೂಂ ಎಂದು ತಲೆಯಾಡಿಸಿದವನು ಕೊನೆಯದಕ್ಕೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ.

"ತಿಪ್ಪಿ ನಮ್ದಲ್ರೀ ಸರ, ಬಾಜೂ ಮನಿಯವ್ರದು."